ಪೂರ್ವ ಗ್ಯಾಲರಿಯ ಮೊದಲ ಶಿಳ್ಳೆ

ಮಾರ್ಚ್ 3, ಭಾನುವಾರ

ಈ ಪುಸ್ತಕ ನನ್ನ ಹೆಂಡತಿ ಅಳತೆ ಬರೆದುಕೊಳ್ಳೋಕೆ ತಂದಿಟ್ಟದ್ದು. ಮೇಲಿನ ಹಾಳೆಯಲ್ಲಿ ಯಾರದೋ ತೋಳು, ಯಾರದೋ ಸೊಂಟ ಇತ್ತು. ಅದನ್ನು ಹರಿದು ಅವಳ ಹೊಲಿಗೆ ಮೆಷಿನ್ ಮೇಲಿಟ್ಟು, ಉಳಿದದ್ದು ನನಗೆ ಬೇಕು ಅಂದೆ. "ನಿಮಗೇನ್ರೀ ಬರೆಯೋದಿದೆ?" ಅಂದಳು. ಇದೆ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನನ್ನ ಮಾನ ಹೀಗೆ ಹೋಗಿರಲಿಲ್ಲ.

ಹೇಳಿದರೆ ಜನ ನಗುತ್ತಾರೆ, ಆದರೂ ನಿಜ. ಇಷ್ಟು ವರ್ಷ ಸ್ಟೇಡಿಯಂನಲ್ಲಿದ್ದು ನಾನು ಒಂದೇ ಒಂದು ಗೋಲು ನೋಡಿಲ್ಲ. ಪೂರ್ವ ಗ್ಯಾಲರಿಯ ಉಸ್ತುವಾರಿ ನನ್ನದು. ಕೈಕೆಳಗೆ ಆರು ಜನ. ಮೈದಾನಕ್ಕೆ ಬೆನ್ನು ಹಾಕಿ ಜನರ ಮುಖ ನೋಡುತ್ತ ನಿಲ್ಲುವುದೇ ನಮ್ಮ ಕೆಲಸ. ಗೋಲಾಯಿತು ಅಂತ ಗೊತ್ತಾಗೋದು ಜನ ಬಾಯಿ ತೆರೆದಾಗ. ಯಾರು ಬೀಡಿ ಹಚ್ಚಿದರು, ಯಾರು ಬಾಟಲಿ ಎಸೆಯೋಕೆ ತೋಳು ಹಿಂದಕ್ಕೆ ಎಳೆದರು, ಎಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ಬೀಳುತ್ತಿತ್ತು ಅನ್ನಬೇಕು.

ಇವತ್ತು ಗಡಿಯಾಚೆಯವರ ತಂಡದ ಜೊತೆ ಮ್ಯಾಚು. ಹೋದ ವರ್ಷ ನಮ್ಮವರು ಅಲ್ಲಿಗೆ ಹೋದಾಗ ಅಲ್ಲಿನ ಜನ ನಮ್ಮ ರಾಷ್ಟ್ರಗೀತೆ ಮುಗಿಯೋವರೆಗೆ ಬೂ ಅಂತ ಕೂಗಿದ್ದರು. ಸೇಡು ಎಲ್ಲರ ಹೊಟ್ಟೆಯಲ್ಲಿತ್ತು. ಸ್ಟೇಡಿಯಂ ಮ್ಯಾನೇಜರು ಮೂರು ಸಲ ಮೈಕಿನಲ್ಲಿ ಹೇಳಿಸಿದರು: ಅವರು ಮಾಡಿದರು ಅಂತ ನಾವು ಮಾಡೋದು ಬೇಡ, ಅವರ ಗೀತೆಗೂ ಎದ್ದು ನಿಲ್ಲಿ. ಜನ ಮಾತು ಕೇಳಿದರು, ಅದೇ ಆಶ್ಚರ್ಯ. ಅವರ ಗೀತೆ ಶುರುವಾದಾಗ ಇಡೀ ಸ್ಟೇಡಿಯಂ ಗಪ್‌ಚುಪ್. ಸೂಜಿ ಬಿದ್ದರೂ ಕೇಳಬೇಕು, ಹಾಗೆ.

ಹದಿನಾಲ್ಕನೇ ಸಾಲಿನಲ್ಲಿ ಒಬ್ಬರು ಮಾತ್ರ ಕೂತೇ ಇದ್ದರು, ತಲೆ ಮೇಲೆ ಟೋಪಿ ಬೇರೆ. ಗಡಿಯಾರ ರಿಪೇರಿಯವರು, ಖಾಯಂ ಗಿರಾಕಿ. ಎದುರಾಳಿಯದಾದರೇನು, ರಾಷ್ಟ್ರಗೀತೆ ರಾಷ್ಟ್ರಗೀತೆಯೇ. ನನ್ನ ಗ್ಯಾಲರಿಯಲ್ಲಿ ಅಗೌರವ ನಡೆಯಕೂಡದು. ಸೀಟಿ ಊದಿ ಎಬ್ಬಿಸಿದೆ, ಟೋಪಿಯನ್ನೂ ತೆಗೆಸಿದೆ. ನನ್ನ ಗಮನ ಆ ಕಡೆ ಹೋದ ಒಂದೇ ಒಂದು ಗಳಿಗೆ ನೋಡಿಕೊಂಡು ಯಾವನೋ ಪುಣ್ಯಾತ್ಮ ಶುರು ಹಚ್ಚಿಬಿಟ್ಟ. ಒಂದು ಶಿಳ್ಳೆ, ಅದರ ಹಿಂದೆ ಹತ್ತು, ಹತ್ತರ ಹಿಂದೆ ಸಾವಿರ. ಆಮೇಲೆ ಬೂ, ಹೋ, ಕಾಲು ಕುಟ್ಟೋದು. ಗೀತೆ ಮುಳುಗೇ ಹೋಯಿತು.

ಬೆನ್ನ ಹಿಂದೆ ಆಟಗಾರರ ಪಾಡು ಏನಾಯಿತೆಂದು ಮನೆಗೆ ಬಂದು ಟೀವಿಯಲ್ಲಿ ನೋಡಿದೆ. ಅವರ ಗೋಲ್‌ಕೀಪರ್ ಕಣ್ಣು ಮುಚ್ಚಿಕೊಂಡು ಗಂಟಲು ಹರಿಯೋ ಹಾಗೆ ಹಾಡುತ್ತಿದ್ದ. ನಮ್ಮ ಮನೆಗೆ ಬಂದ ನೆಂಟನಿಗೆ ಉಗಿದ ಹಾಗಾಯಿತು. ಮಾಡಿದವನು ಸಿಗಲಿ.

ಮಾರ್ಚ್ 4, ಸೋಮವಾರ

ಫುಟ್‌ಬಾಲ್ ಮಂಡಳಿಯಿಂದ ಕಾಗದ ಬಂದಿದೆ. ಶುರುವಾದದ್ದು ಪೂರ್ವ ಗ್ಯಾಲರಿಯಿಂದ ಅಂತ ಅವರಿಗೆ ಖಾತ್ರಿಯಾಗಿದೆ. ಮೊದಲು ಮಾಡಿದವನನ್ನು ಈ ತಿಂಗಳೊಳಗೆ ಹಿಡಿದುಕೊಡಬೇಕು, ಇಲ್ಲದಿದ್ದರೆ ಈ ಸೀಸನ್ ಪೂರ್ತಿ ಗ್ಯಾಲರಿಗೆ ಬೀಗ. ಮ್ಯಾನೇಜರು ಕಾಗದ ನನ್ನ ಕಡೆ ತಳ್ಳಿ, "ನಿಮ್ಮ ಗ್ಯಾಲರಿ, ನಿಮ್ಮ ತಲೆ" ಅಂದರು. ಬೀಗ ಬಿದ್ದರೆ ಮೊದಲು ಹೋಗೋದು ನನ್ನ ಕೆಲಸ, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೂವತ್ತೊಂದು ವರ್ಷ ಮುಖ ನೋಡಿದ್ದೀರಿ. ಯಾರು ಅಂತ ನಿಮಗೆ ಗೊತ್ತಿಲ್ದೇ ಇರುತ್ತಾ?" ಅಂದರು. ಗೊತ್ತಿದೆ ಅಂತಲೇ ಎದ್ದು ಬಂದೆ. ಗೊತ್ತಿಲ್ಲ, ಆದರೆ ಗೊತ್ತಾಗುತ್ತದೆ.

ಮಾರ್ಚ್ 6, ಬುಧವಾರ

ಗ್ಯಾಲರಿಯಲ್ಲಿ ಮುರಿದ ಕುರ್ಚಿಗಳಿಗೆ ಸ್ಕ್ರೂ ಹಾಕುತ್ತ ಸಾಲುಸಾಲಾಗಿ ಯೋಚಿಸಿದೆ. ಅವತ್ತಿನ ಶಿಳ್ಳೆ ಸಾಮಾನ್ಯದ್ದಲ್ಲ. ಬಾಯಿ ಚಪಲಕ್ಕೆ ಹೊಡೆದದ್ದಲ್ಲ, ಹೊಡೆಯೋದು ಗೊತ್ತಿದ್ದವನದು. ಅಷ್ಟು ಜೋರು ಹೊಡೆಯೋನು ಇಡೀ ಗ್ಯಾಲರಿಯಲ್ಲಿ ಒಬ್ಬನೇ ಇದ್ದಾನೆ, ಒಂಬತ್ತನೇ ಸಾಲಿನಲ್ಲಿ.

ಬರೆಯೋಕೆ ಕೈ ಬರುತ್ತಿಲ್ಲ. ನನ್ನ ಬಾಮೈದ.

ಸಿಟಿ ಬಸ್ ಓಡಿಸುತ್ತಾನೆ. ಎರಡು ಬೆರಳು ಬಾಯಿಗಿಟ್ಟರೆ ಡಿಪೋದ ಆ ತುದಿಯಲ್ಲಿ ನಿದ್ದೆ ಮಾಡುವ ಕಂಡಕ್ಟರ್ ಎದ್ದು ಕೂರುತ್ತಾನೆ. ಹನ್ನೆರಡು ವರ್ಷ ಅರ್ಜಿ ಹಾಕಿ ಹಾಕಿ, ಈಗ ನಮ್ಮ ತಂಡದ ಬಸ್ ಓಡಿಸಲು ಆಯ್ಕೆಯಾಗಿದ್ದಾನೆ. ಮುಂದಿನ ತಿಂಗಳಿಂದ ಶುರು. ಅದಕ್ಕೆ ಬೇಕಾದ ನೀಲಿ ಕೋಟನ್ನು ಅವನಕ್ಕನೇ ಹೊಲಿಯುತ್ತಿದ್ದಾಳೆ, ನಮ್ಮ ನಡುಮನೆಯ ಗೂಟಕ್ಕೆ ನೇತುಬಿದ್ದಿದೆ. ಇಂಥವನು ಇಂಥ ಕೆಲಸ ಮಾಡುತ್ತಾನಾ? ಮಾಡೋಲ್ಲ ಅಂತ ಹೇಗೆ ಹೇಳೋದು? ಹೋದ ವರ್ಷ ಅಲ್ಲಿಯವರು ನಮ್ಮ ಗೀತೆಗೆ ಬೂ ಅಂದಾಗ ಟೀವಿ ಮುಂದೆ ಕೂತು ಅತ್ತವನು ಅವನು.

ಮಾರ್ಚ್ 9, ಶನಿವಾರ

ಕೋಟಿನ ಅಳತೆ ನೋಡೋಕೆ ಬಾಮೈದ ಬಂದಿದ್ದ. ಅವಳು ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡು ಅವನ ತೋಳು ಮಡಿಸುತ್ತಿದ್ದಳು. ಟೀ ಕುಡಿಯುತ್ತ, ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಅವತ್ತು ನೀನೂ ಶಿಳ್ಳೆ ಹೊಡೆದ್ಯೇನೋ?"

"ಹೊಡೆದೆ ಭಾವ, ಸುಳ್ಳು ಯಾಕೆ ಹೇಳಲಿ. ಎಲ್ಲರೂ ಶುರು ಮಾಡಿದ ಮೇಲೆ ನಂಗೂ ತಡೆಯೋಕಾಗಲಿಲ್ಲ. ಆಮೇಲೆ ನಾಚಿಕೆ ಆಯ್ತು. ಮೊದಲು ಹೊಡೆದೋನು ನಾನಲ್ಲ."

"ಮೊದಲು ಹೊಡೆದೋನು ನೀನಾ ಅಂತ ನಾನು ಕೇಳಲೇ ಇಲ್ವಲ್ಲ" ಅಂದೆ.

ಅಷ್ಟರಲ್ಲಿ ಅವನ ಕೈ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಕಣ್ಣಾರೆ ಕಂಡೆ. ಹೆಗಲ ಹತ್ತಿರ ಸೂಜಿ ಚುಚ್ಚಿತು ಅಂದ. ಇರಬಹುದು.

ಆಮೇಲೆ ನನ್ನ ಮುಖವನ್ನೇ ವಿಚಿತ್ರವಾಗಿ ನೋಡುತ್ತ, "ಭಾವ, ನಿಜವಾಗ್ಲೂ ನಿಮಗೆ ನೆನಪಿಲ್ವಾ?" ಅಂದ. ಏನು ನೆನಪು ಅಂದೆ. ಅಕ್ಕನ ಕಡೆ ನೋಡಿದ. "ಏನಿಲ್ಲ ಬಿಡಿ" ಅಂದ. ಟೀ ಅರ್ಧ ಬಿಟ್ಟು ಹೊರಟ.

ಏನೋ ಇದೆ. ಇಬ್ಬರ ನಡುವೆ ಏನೋ ಇದೆ.

ಮಾರ್ಚ್ 12, ಮಂಗಳವಾರ

ಇವತ್ತಿಂದ ಈ ಪುಸ್ತಕವನ್ನು ಚಪ್ಪಲಿ ಗೂಡಿನ ಹಿಂದೆ ಇಡುತ್ತೇನೆ. ಹಾಳೆಗಳ ನಡುವೆ ಒಂದೆಳೆ ಕಪ್ಪು ದಾರ ಅಡ್ಡ ಇಟ್ಟಿದ್ದೇನೆ. ಯಾರಾದರೂ ತೆಗೆದರೆ ದಾರ ಜಾರಬೇಕು. ದಾರ ಅವಳ ಡಬ್ಬಿಯಿಂದಲೇ ತೆಗೆದದ್ದು.

ಮಾರ್ಚ್ 14, ಗುರುವಾರ

ಗಡಿಯಾರ ರಿಪೇರಿಯವರ ಅಂಗಡಿಗೆ ಹೋಗಿದ್ದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಗೋಡೆ ತುಂಬ ಗಡಿಯಾರ, ಒಂದಕ್ಕೊಂದು ತಾಳವಿಲ್ಲ. ಅವತ್ತು ಅವರು ಬೇಕಂತಲೇ ಏಳದೆ ನನ್ನ ಗಮನ ಸೆಳೆದರೇ ಅನ್ನುವ ಅನುಮಾನ ನನಗೆ ಬಂದಿತ್ತು. ಅವರು ಈ ಕಡೆ ಕೂತು ನನ್ನನ್ನು ಹಿಡಿದಿಡೋದು, ಆ ಕಡೆ ಅವರ ಜೊತೆಗಾರ ಶಿಳ್ಳೆ ಹೊಡೆಯೋದು. ಇಂಥ ಆಟಗಳನ್ನು ನಾನು ಕಂಡಿಲ್ಲವೇ?

"ಅವತ್ತು ಯಾಕೆ ಏಳಲಿಲ್ಲ?" ಅಂದೆ.

ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೇ ಹೇಳಿದರು. "ಮೊಣಕಾಲು ಸ್ವಾಮಿ. ಎದ್ದೇಳೋಕೆ ನನಗೆ ಅರ್ಧ ಗೀತೆ ಬೇಕು. ಏಳ್ತಾನೇ ಇದ್ದೆ. ಅಷ್ಟರಲ್ಲಿ ನೀವು ಊದಿದ್ರಲ್ಲ, ಎದೆ ಝಲ್ ಅಂತು."

"ನಾನು ಊದಿದ್ದು ಬಿಡಿ. ಆಮೇಲೆ ಶಿಳ್ಳೆ ಯಾವ ಕಡೆಯಿಂದ ಬಂತು?"

"ಎಲ್ಲ ಕಡೆಯಿಂದ" ಅಂದರು. ಒಂದು ಮುಳ್ಳನ್ನು ಚಿಮುಟದಲ್ಲಿ ಎತ್ತಿ ಕೂರಿಸಿ, ಇನ್ನೇನಾದರೂ ಇದೆಯಾ ಅನ್ನುವ ಹಾಗೆ ನೋಡಿದರು. ಉತ್ತರ ಜಾರಿಸುವುದರಲ್ಲಿ ಪಳಗಿದ ಮನುಷ್ಯ.

ಮಾರ್ಚ್ 17, ಭಾನುವಾರ

ದಾರ ಜಾರಿದೆ.

ಹತ್ತನೇ ಹಾಳೆಯಲ್ಲಿದ್ದದ್ದು ಮೊದಲನೇ ಹಾಳೆಯಲ್ಲಿದೆ. ಕೇಳಿದರೆ ಚಪ್ಪಲಿ ಗೂಡು ಗುಡಿಸಿದೆ ಅಂತಾಳೆ. ಗುಡಿಸಿದರೆ ಹಾಳೆ ಮಗುಚುತ್ತಾ?

ಬೆಳಿಗ್ಗೆ ಅಡುಗೆಮನೆಯಲ್ಲಿ ಫೋನಿನಲ್ಲಿ ಪಿಸಪಿಸ ಅನ್ನುತ್ತಿದ್ದಳು. "ನೀನು ಮಾತ್ರ ಬಾಯಿ ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಅವರೇ..." ಅಂತಿದ್ದವಳು ನನ್ನ ನೆರಳು ಕಂಡು ಫೋನ್ ಇಟ್ಟಳು. ಯಾರದು ಅಂದೆ. "ಗುಂಡಿ ಅಂಗಡಿಯವರು" ಅಂದಳು. ಗುಂಡಿ ಅಂಗಡಿಯವರ ಕಾಲಿಗೆ ಬೀಳೋ ಹೆಂಗಸನ್ನು ನಾನು ನೋಡಿಲ್ಲ.

ಸಂಜೆ ಅವಳ ಜೊತೆ ಕೂತು ಊಟ ಮಾಡುವಾಗ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಆ ನೋಟ ನನಗೆ ಹೊಸದು. ತಮ್ಮನನ್ನು ಉಳಿಸಿಕೊಳ್ಳೋಕೆ ಗಂಡನ ಕಣ್ಣಿಗೆ ಮಣ್ಣೆರಚುವವಳ ನೋಟ ಹಾಗೇ ಇರಬೇಕು.

ಮಾರ್ಚ್ 20, ಬುಧವಾರ

ಮ್ಯಾನೇಜರು ಮತ್ತೆ ಕರೆದರು. ಹತ್ತು ದಿನ ಉಳಿದಿದೆ. ಹೆಸರು ಕೊಡಿ, ಇಲ್ಲ ಕೆಲಸ ಬಿಡಿ ಅಂದರು. ಹೀಗೆ ನೇರವಾಗಿ ಅನ್ನಲಿಲ್ಲ, ಆದರೆ ಕಿಟಕಿಯಾಚೆ ನೋಡುತ್ತ ನನ್ನ ವಯಸ್ಸೆಷ್ಟು ಅಂತ ಕೇಳಿದರು.

ನನಗೆ ಇದು ಬಿಟ್ಟು ಬೇರೇನೂ ಬರುವುದಿಲ್ಲ. ಜನರ ಮುಖ ನೋಡೋಕೆ ಬರುತ್ತದೆ, ಅಷ್ಟೇ.

ಮಾರ್ಚ್ 22, ಶುಕ್ರವಾರ

ಕೊಟ್ಟೆ.

'ಮೊದಲು ಮಾಡಿದವನು' ಅನ್ನುವ ಕಡೆ ಬಾಮೈದನ ಹೆಸರು ಹಾಕಿ, ಕೆಳಗೆ 'ಶಿಳ್ಳೆ ಹೊಡೆದದ್ದಾಗಿ ನನ್ನ ಮುಂದೆ ಒಪ್ಪಿಕೊಂಡಿದ್ದಾನೆ' ಅಂತ ಬರೆದೆ. ಸುಳ್ಳಲ್ಲ. ಎಲ್ಲರೂ ಶುರು ಮಾಡಿದ ಮೇಲೆ ಅಂದದ್ದನ್ನು ಬರೆಯಲಿಲ್ಲ. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಾರ್ಚ್ 27, ಬುಧವಾರ

ಮಂಡಳಿಯ ವಿಚಾರಣೆ ಮುಗಿಯಿತು. ಬಾಮೈದನಿಗೆ ಮೂರು ವರ್ಷ ಯಾವ ಸ್ಟೇಡಿಯಂಗೂ ಪ್ರವೇಶವಿಲ್ಲ. ತಂಡದ ಬಸ್ಸು ಬೇರೊಬ್ಬನಿಗೆ ಹೋಗಿದೆ. ಡಿಪೋದಲ್ಲಿ ನೋಟಿಸ್ ಹಚ್ಚಿದ್ದಾರಂತೆ, ಹೆಸರು ಸಮೇತ.

ಅವಳಿಗೆ ನಾನೇ ಹೇಳಿದೆ, ಬೇರೆಯವರಿಂದ ಗೊತ್ತಾಗೋದು ಬೇಡ ಅಂತ. ಕೋಟಿಗೆ ಕೊನೆಯ ಗುಂಡಿ ಹಾಕುತ್ತಿದ್ದಳು. ದಾರ ಹಲ್ಲಲ್ಲಿ ಕಡಿದು, ಕೋಟನ್ನು ಒಳಮೈ ಹೊರಗೆ ಮಾಡಿ ಮಡಚಿ ಟ್ರಂಕಿನಲ್ಲಿ ಹಾಕಿದಳು. ನಾನು ಕಾದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ.

"ಅವನ ಹೆಸರು ಕೊಡ್ತೀರಿ ಅಂತ ಅಂದ್ಕೊಂಡಿರಲಿಲ್ಲ" ಅಂದಳು. ಅಷ್ಟೇ.

ಮಾರ್ಚ್ 30, ಶನಿವಾರ

ಗ್ಯಾಲರಿಗೆ ಬೀಗ ಇಲ್ಲ. ಮ್ಯಾನೇಜರು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ಸ್ವಂತ ಸಂಬಂಧವನ್ನೂ ನೋಡದ ನಿಷ್ಠಾವಂತ ಅಂದರು. ಆರೂ ಜನ ಚಪ್ಪಾಳೆ ತಟ್ಟಿದರು. ಇಬ್ಬರು ನನ್ನ ಮುಖ ನೋಡದೆ ತಟ್ಟಿದರು. ಆ ಇಬ್ಬರನ್ನು ಗಮನದಲ್ಲಿ ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಉಪ್ಪು ಬೇಕಾ, ಬೇಡವಾ, ಅಷ್ಟೇ ಮಾತು.

ಏಪ್ರಿಲ್ 2, ಮಂಗಳವಾರ

ಸೌಂಡ್ ರೂಮಿನಾಕೆ ಮೇಲಕ್ಕೆ ಕರೆದಳು. ಮೈಕು, ಹಾಡು, ಘೋಷಣೆ ಎಲ್ಲ ನೋಡಿಕೊಳ್ಳುವವಳು ಅವಳೇ. ಮಾತು ಕಡಿಮೆ, ಯಾವಾಗಲೂ ಕಿವಿಗೆ ಹೆಡ್‌ಫೋನ್. ಕಡತ ಮುಚ್ಚುವ ಮುಂಚೆ ಅವತ್ತಿನ ರೆಕಾರ್ಡಿಂಗನ್ನೂ ಕಳಿಸಬೇಕಂತೆ.

"ಕಳಿಸೋಕೆ ಮುಂಚೆ ನೀವೊಂದ್ಸಲ ಕೇಳಿ ಸರ್. ಗ್ಯಾಲರಿ ಮುಂದಿನ ಮೈಕಿಂದು" ಅಂತ ಹೆಡ್‌ಫೋನ್ ನನ್ನ ಕಿವಿಗೆ ಹಾಕಿದಳು.

ಅವರ ಗೀತೆ. ಮೊದಲ ಸಲ ಅದನ್ನು ಸರಿಯಾಗಿ ಕೇಳಿದೆ, ಚೆನ್ನಾಗಿಯೇ ಇದೆ. ಎರಡನೇ ಸಾಲಿನ ಕೊನೆಯಲ್ಲಿ ಒಂದು ಉದ್ದ, ಚೂಪು ಸದ್ದು. ಆಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ ಎಲ್ಲ.

"ಇದು ಬಾಯಿ ಶಿಳ್ಳೆ ಅಲ್ಲ ಸರ್. ಗುರ್ ಅಂತ ಒಂದು ನಡುಕ ಇದೆ, ಕೇಳಿಸ್ತಾ? ಒಳಗೆ ಕಾಳು ಉರುಳ್ತಿರೋದು. ಸೀಟಿ ಇದು."

ಹಾಗಾದರೆ ಬಾಮೈದ ಅಲ್ಲ. ಹಾಗಾದರೆ ನಮ್ಮವರೇ ಯಾರೋ. ನಮ್ಮ ಆರು ಜನರ ಕೊರಳಲ್ಲಿ ಸೀಟಿ ಇರುತ್ತದೆ. ಕಾಯೋಕೆ ನಿಲ್ಲಿಸಿದ ಬೇಲಿಯೇ ಎದ್ದು ಹೊಲ ಮೇಯ್ದಿದೆ. ಚಪ್ಪಾಳೆ ತಟ್ಟುವಾಗ ಮುಖ ತಪ್ಪಿಸಿದ ಆ ಇಬ್ಬರು! ಅವಳಿಗೆ ಹಾಗೇ ಹೇಳಿದೆ. ಅವಳು ಹೆಡ್‌ಫೋನ್ ವಾಪಸ್ ತೆಗೆದುಕೊಂಡು, "ನಾಳೆ ಬೇಕಾದರೆ ಕಳಿಸ್ತೀನಿ ಸರ್, ನೀವು ಯೋಚನೆ ಮಾಡಿ" ಅಂದಳು. ನಾನೇನು ಯೋಚನೆ ಮಾಡಬೇಕಿತ್ತೋ.

ಏಪ್ರಿಲ್ 3, ಬುಧವಾರ

ಮುರಿದ ಕುರ್ಚಿ ತುಂಬಿದ ಸ್ಟೋರ್ ರೂಮಿನಲ್ಲಿ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿಸಿದೆ. ಮೊದಲನೆಯವನಿಗೆ ನಗು ತಡೆಯಲಾಗಲಿಲ್ಲ, ಊದಿದರೆ ಬರೀ ಗಾಳಿ. ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಹೋದ ವರ್ಷ ಬಂದ ಪ್ಲಾಸ್ಟಿಕ್ಕಿನವು. ಒಂದರಲ್ಲೂ ಕಾಳಿಲ್ಲ. ಕೀರ್ ಅಂತ ಒಂದೇ ಸಮನೆ ಕೂಗುತ್ತವೆ, ನಡುಕವಿಲ್ಲ.

ಹೊರಗಿನವರು ಯಾರೋ ತಂದಿರಬೇಕು. ಆದರೆ ಕಾಳಿರುವ ಸೀಟಿ ಈಗ ಅಂಗಡಿಗಳಲ್ಲಿ ಎಲ್ಲಿದೆ? ಅಂಥದ್ದು ಹಳೆಯ ಹಿತ್ತಾಳೆಯ ಮಾಲು. ನಾನು ಸೇರಿದ ವರ್ಷ ಕೊಟ್ಟದ್ದು. ಪ್ಲಾಸ್ಟಿಕ್ಕಿನದು ಬಂದಾಗ ನನಗೆ ಬೇಡ, ಹಳೆಯದೇ ಇರಲಿ ಅಂತ ನಾನು

ಏಪ್ರಿಲ್ 4, ಗುರುವಾರ

ನಿನ್ನೆಯ ಸಾಲನ್ನು ಮುಗಿಸಲಾಗಲಿಲ್ಲ. ಕೆಲಸಕ್ಕೆ ಹೋಗಲಿಲ್ಲ. ಅವಳು ಮೆಷಿನ್ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತಳು. ಎಂಟು ದಿನದ ಮೇಲೆ ಪಕ್ಕದಲ್ಲಿ ಕೂತದ್ದು.

"ನನ್ನ ಪುಸ್ತಕ ಓದಿದ್ಯಾ?" ಅಂದೆ.

"ಓದಿದೆ. ನೀವೂ ಓದಿ. ಮೊದಲನೇ ಪುಟ."

"ಏನಿದೆ ಅದರಲ್ಲಿ?"

"ನೀವೇ ಬರೆದದ್ದು, ನನ್ನನ್ನ ಕೇಳಿದ್ರೆ?"

ಓದಿದೆ. 'ಇಡೀ ಸ್ಟೇಡಿಯಂ ಗಪ್‌ಚುಪ್.' ಕೆಳಗೆ, 'ಸೀಟಿ ಊದಿ ಎಬ್ಬಿಸಿದೆ.' ನನ್ನದೇ ಅಕ್ಷರ, ಸ್ವಲ್ಪವೂ ಕೈ ನಡುಗಿಲ್ಲ.

ಸಾವಿರಾರು ಜನ ಹಲ್ಲು ಕಚ್ಚಿಕೊಂಡು ಸುಮ್ಮನೆ ನಿಂತಿದ್ದರು. ಆ ಮೌನಕ್ಕೆ ಸೂಜಿ ಚುಚ್ಚಿದವನು ನಾನು. ಗೌರವ ಕೊಡಿಸೋಕೆ ಹೋಗಿ ಊದಿದೆ. ಜನ ಅದನ್ನು ಶಿಳ್ಳೆ ಅಂತಲೇ ತಿಳಿದರು, ಯಾಕೆ ತಿಳಿಯಬಾರದು? ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ.

"ಮೊದಲೇ ಯಾಕೆ ಹೇಳಲಿಲ್ಲ?" ಅಂದೆ.

"ನಿಮ್ಮ ಕೆಲಸ ಹೋಗುತ್ತೆ ಅಂತ. ಅದೇ ನಿಮ್ಮ ಜೀವ ಅಲ್ವಾ. ಮತ್ತೆ, ಹೇಳಿದ್ರೆ ನೀವು ನಂಬ್ತಿರಲಿಲ್ಲ. ನನ್ನ ಮೇಲೇ ದಾರ ಇಟ್ಟವರು ನೀವು."

ನಾನು ಅತ್ತೆ. ಅದನ್ನೂ ಬರೆಯುತ್ತೇನೆ, ಹೇಗೂ ಓದುತ್ತಾಳೆ.

ಏಪ್ರಿಲ್ 5, ಶುಕ್ರವಾರ

ಬಾಮೈದನ ಬಸ್ ಹತ್ತಿದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. ಕನ್ನಡಿಯಲ್ಲಿ ನನ್ನನ್ನು ನೋಡಿದ, ಮಾತಾಡಲಿಲ್ಲ. ಮುಂದೆ ಬೋರ್ಡಿದೆ, ಚಾಲಕನೊಡನೆ ಮಾತಾಡಬಾರದು ಅಂತ. ಅದರ ಮರೆಯಲ್ಲಿ ನಾನೂ ಬಾಯಿ ಮುಚ್ಚಿಕೊಂಡು ಇಪ್ಪತ್ತೆರಡು ಸ್ಟಾಪು ಕೂತೆ. ಆಸ್ಪತ್ರೆ ಹತ್ತಿರ ಮುದುಕಿಯೊಬ್ಬಳು ಓಡಿ ಬರುವುದನ್ನು ಕಂಡು ಅವನು ಬಸ್ಸನ್ನು ಒಂದು ನಿಮಿಷ ನಿಲ್ಲಿಸಿಕೊಂಡಿದ್ದ. ಇಂಥ ಡ್ರೈವರನ್ನು ತಂಡ ಕಳೆದುಕೊಂಡಿತು.

ಕೊನೆಯ ಸ್ಟಾಪಿನಲ್ಲಿ ಎಲ್ಲ ಇಳಿದರು. ಇಂಜಿನ್ ಆಫ್ ಮಾಡಿದ. ಜೇಬಿನಿಂದ ಹಿತ್ತಾಳೆ ಸೀಟಿ ತೆಗೆದು ಒಂದು ಸಲ ಊದಿದೆ, ಮೆಲ್ಲಗೆ.

ಅವನು ತಿರುಗಲಿಲ್ಲ. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದ. "ಗೊತ್ತು ಭಾವ. ಒಂಬತ್ತನೇ ಸಾಲಲ್ಲಿ ನಿಮ್ಮ ಎದುರಿಗೇ ನಿಂತಿದ್ದೆ. ನೀವು ಊದಿದ್ದನ್ನ ನೋಡ್ದೆ."

"ನೋಡಿದ್ಯಾ? ವಿಚಾರಣೆಯಲ್ಲಿ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನಗೆ ಸಿಟಿ ಬಸ್ ಇದೆ, ನಿಮಗೇನಿದೆ?" ಅಂದ. ಆಮೇಲೆ ಧ್ವನಿ ಸ್ವಲ್ಪ ಗಡುಸಾಯಿತು. "ನಾನು ಶಿಳ್ಳೆ ಹೊಡೆದದ್ದು ತಪ್ಪು, ಅದಕ್ಕೆ ಏನು ಶಿಕ್ಷೆ ಕೊಟ್ರೂ ಸರಿ. ಆದರೆ ಮೊದಲನೆಯವನು ಅಂತ ಬರೆದ್ರಲ್ಲ ಭಾವ, ಅದನ್ನ ನೀವು ಬರೀಬಾರದಿತ್ತು. ಬೇರೆ ಯಾರು ಬರೆದಿದ್ರೂ ನಂಗೆ ಇಷ್ಟು ನೋವಾಗ್ತಿರಲಿಲ್ಲ."

ತಪ್ಪಾಯ್ತು ಕಣೋ ಅಂದೆ. ವಾಪಸ್ ಹೊರಡುವ ಹೊತ್ತಾಗಿತ್ತು, ಜನ ಹತ್ತತೊಡಗಿದರು. ನಾನು ಇಳಿದು ನಡೆದೇ ಮನೆಗೆ ಬಂದೆ.

ಏಪ್ರಿಲ್ 8, ಸೋಮವಾರ

ಎಲ್ಲ ಬರೆದ ಕಾಗದ ಮ್ಯಾನೇಜರಿಗೆ ಕೊಟ್ಟೆ. ಓದಿ, ಬಾಗಿಲು ಹಾಕಿಸಿದರು.

"ಹುಚ್ಚಾ ನಿಮಗೆ? ಕಡತ ಮುಚ್ಚಿದೆ. ನಿಮ್ಮದಿನ್ನು ಎರಡು ವರ್ಷ ಸರ್ವಿಸ್. ನಮ್ಮ ಉಸ್ತುವಾರಿಯೇ ಶುರು ಮಾಡಿದ ಅಂದ್ರೆ ಜಗತ್ತೆಲ್ಲ ನಗುತ್ತೆ. ಹರಿದು ಹಾಕಿ."

"ಅವನ ಹೆಸರು ಡಿಪೋ ಗೋಡೆ ಮೇಲಿದೆ ಸರ್."

"ಮಳೆ ಬಂದ್ರೆ ಹೋಗುತ್ತೆ" ಅಂದರು.

ಕಾಗದ ವಾಪಸ್ ತೆಗೆದುಕೊಂಡು ಅಂಚೆ ಕಚೇರಿಗೆ ಹೋದೆ. ಮಂಡಳಿಗೆ ನೇರ ಕಳಿಸಿದೆ. ಸೌಂಡ್ ರೂಮಿನಾಕೆ ರೆಕಾರ್ಡಿಂಗ್ ಕಳಿಸಿದ್ದಾಳೆ. ನಾನೇ ಬರೆಯಲಿ ಅಂತ ಇಷ್ಟು ದಿನ ತಡೆದಿದ್ದಳಂತೆ. ನನ್ನ ಸೀಟಿಯ ಸದ್ದು ಅವಳಿಗೆ ಎಂಟು ವರ್ಷದಿಂದ ಗೊತ್ತು.

ಏಪ್ರಿಲ್ 26, ಶುಕ್ರವಾರ

ಉತ್ತರ ಬಂತು. ಬಾಮೈದನ ಮೇಲಿನ ನಿಷೇಧ ತೆಗೆದಿದ್ದಾರೆ, ಡಿಪೋದ ನೋಟಿಸ್ ಕಿತ್ತಿದ್ದಾರೆ. ತಂಡದ ಬಸ್ ಮಾತ್ರ ಹೋದದ್ದು ಹೋಯಿತು, ಹೊಸ ಡ್ರೈವರ್ ಸೇರಿ ತಿಂಗಳಾಗುತ್ತ ಬಂತು. ನನ್ನನ್ನು ಗ್ಯಾಲರಿಯಿಂದ ತೆಗೆದು ಕುರ್ಚಿ ರಿಪೇರಿಗೆ ಹಾಕಿದ್ದಾರೆ. ಮ್ಯಾಚಿನ ದಿನ ನನಗೆ ಡ್ಯೂಟಿ ಇಲ್ಲ.

ಸೀಟಿ ವಾಪಸ್ ಕೊಡೋಕೆ ಹೋದೆ. ಇಷ್ಟು ಹಳೆಯದು ರಿಜಿಸ್ಟರಿನಲ್ಲೇ ಇಲ್ಲ, ನೀವೇ ಇಟ್ಟುಕೊಳ್ಳಿ ಅಂದರು. ಅವಳ ಗುಂಡಿ ಡಬ್ಬಿಯಲ್ಲಿ ಹಾಕಿದ್ದೇನೆ.

ಮೇ 12, ಭಾನುವಾರ

ಇವತ್ತು ಗೋಲು ನೋಡಿದೆ. ಎದುರಾಳಿಗಳು ಹೊಡೆದದ್ದು. ಚೆನ್ನಾಗಿತ್ತು.

ಬಾಮೈದ ನಿನ್ನೆ ಫೋನ್ ಮಾಡಿ, "ಎರಡು ಟಿಕೆಟ್ ಇದೆ, ಬರ್ತೀರಾ?" ಅಂದ. ಅಷ್ಟೇ ಅಂದ. ಒಂಬತ್ತನೇ ಸಾಲು. ಅವನು ಆ ನೀಲಿ ಕೋಟು ಹಾಕಿಕೊಂಡು ಬಂದಿದ್ದ. ಸಿಟಿ ಬಸ್ಸಿಗೂ ಆಗುತ್ತೆ, ಸುಮ್ಮನೆ ಯಾಕೆ ಟ್ರಂಕಿನಲ್ಲಿ ಕೊಳೀಬೇಕು ಅಂದ. ಬಲಗೈ ತೋಳು ಅರ್ಧ ಇಂಚು ಉದ್ದ. ನಾನು ಟೀ ಕುಡಿಯುತ್ತ ಪ್ರಶ್ನೆ ಕೇಳಿದ ದಿನದ ಅಳತೆ ಅದು, ಪಾಪ, ಅವಳ ಕೈ ತಪ್ಪಿರಬೇಕು.

ಮೈದಾನ ಇಷ್ಟು ದೊಡ್ಡದು, ಇಷ್ಟು ಹಸಿರು ಅಂತ ಗೊತ್ತಿರಲಿಲ್ಲ. ಕೆಳಗೆ ನನ್ನ ಜಾಗದಲ್ಲಿ ಆರು ಜನರಲ್ಲೊಬ್ಬ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದ. ನನ್ನ ಮೇಲೆ ಕಣ್ಣು ಬಿದ್ದಾಗ ಬೇರೆ ಕಡೆ ತಿರುಗಿಸಿದ. ಯಾಕೆ ಅಂತ ಯೋಚಿಸಲಿಲ್ಲ. ಹದಿನಾಲ್ಕನೇ ಸಾಲಿನ ಗಡಿಯಾರದವರು ಈ ಸಲ ಗೀತೆಗೆ ಮೊದಲೇ ಎದ್ದು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ಗೀತೆಯ ಹೊತ್ತಿನಲ್ಲಿ ಆದದ್ದನ್ನು ಬರೆಯೋದು ಉಳಿಯಿತು. ಮೊದಲು ಎದುರಾಳಿಗಳದು. ಎಲ್ಲ ಎದ್ದೆವು. ಸ್ಟೇಡಿಯಂ ಮತ್ತೆ ಅವತ್ತಿನ ಹಾಗೆ ಗಪ್‌ಚುಪ್ ಆಯಿತು. ಆಟಗಾರರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದರು, ಅವರ ತುಟಿ ಅಲ್ಲಾಡುವುದು ನನಗೆ ಕಂಡಿತು. ಎರಡನೇ ಸಾಲಿನ ಹೊತ್ತಿಗೆ, ಹತ್ತಿರದಲ್ಲೇ, ತುಂಬ ಹತ್ತಿರದಲ್ಲೇ, ಒಂದು ಶಿಳ್ಳೆ.

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಯಾರೂ ಆ ಶಿಳ್ಳೆಯ ಹಿಂದೆ ಹೋಗಲಿಲ್ಲ. ಒಂಟಿಯಾಗಿ ಎದ್ದು ಒಂಟಿಯಾಗಿ ಬಿತ್ತು, ಗೀತೆ ಮುಂದುವರಿಯಿತು.

ಪಕ್ಕಕ್ಕೆ ತಿರುಗಿ ಬಾಮೈದನ ಬಾಯಿ ನೋಡಬೇಕು ಅನ್ನಿಸಿತು. ತಿರುಗಲಿಲ್ಲ. ಗೀತೆ ಮುಗಿಯೋವರೆಗೆ ಮೈದಾನವನ್ನೇ ನೋಡುತ್ತ ನಿಂತೆ.